ಹಿಂದೆ ಬರುವವರಿಗಾಗಿ

ನಮ್ಮ ಊರಿನ ಹೆಂಗಸರು ಗಾಲ್ಫ್ ಆಟದ ಬಗ್ಗೆ ಮಾತಾಡಿದ್ದು 2021ರ ಆಗಸ್ಟ್ ತಿಂಗಳಲ್ಲಿ. ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸಿನಲ್ಲಿ ಒಂದೇ ಒಂದು ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವಳಾದಾಗ ನಾವೆಲ್ಲ ಮರುಗಿದೆವು. ನನ್ನ ಕಣ್ಣು ಮಾತ್ರ ಅವಳ ತಾಯಿಯ ಮೇಲಿತ್ತು. ಮಗಳ ಆಟದ ಕೋಲುಗಳ ಚೀಲ ಹೊತ್ತು ಪಕ್ಕದಲ್ಲಿ ನಡೆಯುತ್ತಿದ್ದವರು ಆಕೆಯೇ. ಹಾಗೆ ಚೀಲ ಹೊರುವವರನ್ನು ಕ್ಯಾಡಿ ಎನ್ನುತ್ತಾರೆಂದು ಆಗ ತಿಳಿಯಿತು.

ಮರುವರ್ಷ ರಜೆಯಲ್ಲಿ ಬೆಂಗಳೂರಿಗೆ ಹೋದಾಗ ಅಕ್ಕನ ಮಗ, "ಬನ್ನಿ ಚಿಕ್ಕಮ್ಮ, ನಮ್ಮ ಆಟ ನೋಡುವಿರಂತೆ" ಎಂದು ತಾನು ಆಡುವ ಮೈದಾನಕ್ಕೆ ಕರೆದುಕೊಂಡು ಹೋದ. ನನಗೆ ಮೊದಲು ಬೆರಗಾದದ್ದು ಅಲ್ಲಿನ ಮೌನ. ಮೂವತ್ತು ವರ್ಷದಿಂದ "ಸದ್ದು!" ಎಂದು ಮೇಜು ಕುಟ್ಟುತ್ತ ಬಂದವಳು ನಾನು. ಇಲ್ಲಿ ಒಬ್ಬ ಹೊಡೆಯಲು ನಿಂತರೆ ಉಳಿದವರು ತಾವಾಗಿಯೇ ಮಾತು ನಿಲ್ಲಿಸುತ್ತಾರೆ, ಕದಲುವುದಿಲ್ಲ. ಚೆಂಡು ಉರುಳುವ ದಾರಿಯನ್ನು ತುಳಿಯಬಾರದು, ಅದರ ಮೇಲೆ ನಮ್ಮ ನೆರಳೂ ಬೀಳಬಾರದಂತೆ. ಹೊಡೆತಕ್ಕೆ ಕಿತ್ತುಬಂದ ಹುಲ್ಲಿನ ಹೆಂಟೆಯನ್ನು ಮತ್ತೆ ಅಲ್ಲೇ ಕೂರಿಸಿ ಕಾಲಿನಿಂದ ಒತ್ತಬೇಕು. ಚೆಂಡು ಮರಳಿನ ಗುಂಡಿಗೆ ಬಿದ್ದರೆ, ಆಡಿ ಮುಗಿದ ಮೇಲೆ ತನ್ನ ಹೆಜ್ಜೆಯ ಗುರುತನ್ನು ಹಲ್ಲುಕೋಲಿನಿಂದ ಅಳಿಸಿ ಮರಳನ್ನು ಸಮ ಮಾಡಬೇಕು. ಹಿಂದಿನವರು ಬೇಗ ಆಡುವವರಾದರೆ ಸರಿದು ದಾರಿ ಬಿಡಬೇಕು.

"ಇದನ್ನೆಲ್ಲ ಯಾರು ನೋಡುತ್ತಾರಪ್ಪ?" ಎಂದೆ.

"ಹೆಚ್ಚಿನ ವೇಳೆ ಯಾರೂ ನೋಡುವುದಿಲ್ಲ ಚಿಕ್ಕಮ್ಮ" ಎಂದ.

ಆ ಮಾತು ನನ್ನ ಮನಸ್ಸಿನಲ್ಲಿ ಕುಳಿತುಬಿಟ್ಟಿತು. ಎದುರಿಗಿರುವವರಿಗೆ ಮರ್ಯಾದೆ ತೋರಿಸುವುದು ಕಷ್ಟವಲ್ಲ. ಮನೆಗೆ ಬಂದವರಿಗೆ ನಾವು ಕೊಟ್ಟ ಕಾಫಿ, ನಾಳೆ ಅವರ ಮನೆಯಲ್ಲಿ ನಮಗೆ ಸಿಗುತ್ತದೆ. ಆದರೆ ಅರ್ಧ ಗಂಟೆಯ ನಂತರ ಬರುವ ಗುರುತಿಲ್ಲದ ಆಟಗಾರನಿಗಾಗಿ ಮರಳು ಸಮ ಮಾಡಿಟ್ಟರೆ ಅವನು ಥ್ಯಾಂಕ್ಸ್ ಹೇಳುವುದಿಲ್ಲ. ಮಾಡಿದವರು ಯಾರೆಂಬುದೂ ಅವನಿಗೆ ತಿಳಿಯದು.

1925ರ ಅಮೆರಿಕದ ಓಪನ್ ಪಂದ್ಯದಲ್ಲಿ ಬಾಬಿ ಜೋನ್ಸ್ ಎಂಬ ಆಟಗಾರ ಹೊಡೆಯಲು ನಿಂತಾಗ ಚೆಂಡು ತುಸು ಕದಲಿತು. ಕಂಡದ್ದು ಅವನೊಬ್ಬನಿಗೇ. ತಾನೇ ಹೋಗಿ ಹೇಳಿ ಒಂದು ಹೊಡೆತದ ದಂಡ ಹಾಕಿಸಿಕೊಂಡ. ಕೊನೆಗೆ ಪಂದ್ಯ ಸಮವಾಗಿ, ಮರು ಆಟದಲ್ಲಿ ಸೋತ. ಆ ಒಂದು ಹೊಡೆತ ಇಲ್ಲದಿದ್ದರೆ ಗೆಲುವು ಅವನದೇ. ಜನ ಹೊಗಳಿದಾಗ, ಬ್ಯಾಂಕು ದರೋಡೆ ಮಾಡಲಿಲ್ಲವೆಂದು ಹೊಗಳಿದ ಹಾಗಾಯಿತು ಎಂಬರ್ಥದ ಮಾತು ಹೇಳಿದನಂತೆ. ಸೌಜನ್ಯಕ್ಕೂ ಪ್ರಾಮಾಣಿಕತೆಗೂ ಬೇರು ಒಂದೇ ಎಂದು ನನಗೆ ಅನ್ನಿಸಿತು. ಎರಡೂ ಯಾರೂ ನೋಡದಿರುವಾಗ ಉಳಿಯಬೇಕು.

ಹೀಗೆ ಯೋಚಿಸುತ್ತ ಕುಳಿತಿದ್ದಾಗಲೇ ಇನ್ನೊಂದು ನೋಟ ಕಂಡಿತು. ನೆರಳು ಬಿದ್ದದ್ದಕ್ಕೆ ಗೆಳೆಯನಲ್ಲಿ ಎರಡು ಸಲ ಕ್ಷಮೆ ಕೇಳಿದ ಒಬ್ಬ ಗೃಹಸ್ಥರು, ತಮ್ಮ ಚೀಲ ಹೊತ್ತಿದ್ದ ಮುದುಕನಿಗೆ ಚಿಟಿಕೆ ಹೊಡೆದು, "ಏಯ್, ಚೆಂಡು ಎಲ್ಲೋ?" ಎಂದರು. ಅವರು ಮರಳಿನಿಂದ ಎದ್ದು ಹೋದ ಮೇಲೆ ಹೆಜ್ಜೆ ಅಳಿಸಿದ್ದೂ ಆ ಮುದುಕನೇ. ಇವರ ಸೌಜನ್ಯದ ಕೆಲಸವನ್ನು ಅವನು ಮಾಡುತ್ತಿದ್ದ!

ಇದೆಲ್ಲ ಉಳ್ಳವರ ನಾಟಕ ಎಂದು ಕೋಪ ಬಂತು. ಈ ಆಟದ ನಿಯಮಗಳನ್ನು ಬಹುಕಾಲ ಕಾಪಾಡಿದ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸಿನ ಕ್ಲಬ್ಬು ಹುಟ್ಟಿದ್ದು 1754ರಲ್ಲಿ. ಹೆಂಗಸರಿಗೆ ಸದಸ್ಯತ್ವ ಕೊಡಲು ಒಪ್ಪಿದ್ದು 2014ರಲ್ಲಿ. ನೆರಳಿನ ಬಗ್ಗೆ ಅಷ್ಟು ಎಚ್ಚರವಿದ್ದವರಿಗೆ ಬಾಗಿಲಲ್ಲಿ ನಿಂತವರು ಕಾಣಲು 260 ವರ್ಷ ಬೇಕಾಯಿತು. ಆದರೂ ನಿಯಮವನ್ನು ತಳ್ಳಿಹಾಕಲು ಮನಸ್ಸು ಒಪ್ಪಲಿಲ್ಲ. ಆ ಗೃಹಸ್ಥರು ಮಾಡಿದ್ದು ತಪ್ಪು ಎಂದು ನನಗೆ ತೋರಿಸಿಕೊಟ್ಟದ್ದೂ ಅದೇ ನಿಯಮವಲ್ಲವೇ? ಅದು ಸುಳ್ಳಲ್ಲ. ನಮ್ಮ ಸರೀಕರ ತನಕ ತಂದು ಅಲ್ಲಿಗೇ ನಿಲ್ಲಿಸಿಬಿಡುವುದು ತಪ್ಪು.

ರಜೆ ಮುಗಿಸಿ ಶಾಲೆಗೆ ಬಂದೆ. ಮೊದಲ ಪೀರಿಯಡ್ ಮುಗಿದು ಗಂಟೆ ಹೊಡೆಯಿತು. ಪುಸ್ತಕ ಎತ್ತಿಕೊಂಡು ಬಾಗಿಲವರೆಗೆ ಬಂದವಳು ತಿರುಗಿ ನೋಡಿದೆ. ಕರಿಹಲಗೆಯ ತುಂಬ ನನ್ನದೇ ಅಕ್ಷರ. ಇಷ್ಟು ವರ್ಷ ಮುಂದಿನ ಪಾಠದವರಿಗೆ ಹಾಗೆಯೇ ಬಿಟ್ಟು ಹೋಗಿದ್ದೆನಲ್ಲ! ಡಸ್ಟರ್ ತೆಗೆದುಕೊಂಡಾಗ ಮುಂದಿನ ಬೆಂಚಿನ ಹುಡುಗಿ, "ಕೊಡಿ ಮಿಸ್, ನಾನು ಒರೆಸ್ತೀನಿ" ಎಂದು ಓಡಿಬಂದಳು. ಕೊಡಲು ಕೈ ಮುಂದಾಯಿತು. ಆ ಮುದುಕನ ನೆನಪಾಗಿ ಹಿಂತೆಗೆದೆ. "ಬರೆದವಳು ನಾನಮ್ಮ, ನಾನೇ ಒರೆಸ್ತೀನಿ" ಎಂದೆ.

ಸ್ಟಾಫ್ ರೂಮಿನಲ್ಲಿ ನಮ್ಮ ಶಾಲೆಯ ಆಯಾ ಟೀ ಲೋಟ ತೊಳೆಯುತ್ತಿದ್ದರು. ನನಗಿಂತ ಹಿರಿಯರು. ಇಪ್ಪತ್ತು ವರ್ಷ ಅವರನ್ನು "ಏ, ಬಾರೇ ಇಲ್ಲಿ" ಎಂದೇ ಕರೆದಿದ್ದೇನೆ. ಅಂದು, "ಸ್ವಲ್ಪ ಇಲ್ಲಿ ಬನ್ನಿ" ಎಂದೆ.

ಯಾರನ್ನು ಕರೆದೆನೋ ಎಂದು ಅವರು ಹಿಂದಕ್ಕೆ ತಿರುಗಿ ನೋಡಿದರು.