ತೊಲೆಯ ಕಾಯಕ, ಕಬ್ಬಿಣದ ಟೇಕಾ

ಕಲಬುರಗಿಯ ಶರಣಬಸವೇಶ್ವರ ಗುಡಿಯ ಆಸುಪಾಸಿನ ಬ್ರಹ್ಮಪುರದಲ್ಲಿ ಹಳೆಯ ಮಾಳಿಗೆ ಮನೆ ದುರಸ್ತಿಗೆ ಇಳಿದವರು ಮೊದಲು ತಲೆಯೆತ್ತಿ ನೋಡಬೇಕಾದದ್ದು ಬೋದಿಗೆಯನ್ನು. ಕಂಬದ ನೆತ್ತಿಗೂ ತೊಲೆಗೂ ನಡುವೆ ಕೂತ ಅಡ್ಡಮರ ಅದು. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಇಲ್ಲವೇ ಶಹಾಬಾದಿನ ಪರಸಿ, ಅದರ ಮೇಲೆ ದಪ್ಪ ಮಣ್ಣು. ಇಷ್ಟೂ ಭಾರ ಬೋದಿಗೆಯ ಮೂಲಕವೇ ಕಂಬಕ್ಕೆ ಇಳಿಯುತ್ತದೆ. ಗೆದ್ದಲು ತಿಂದೋ, ಮಳೆನೀರು ಕುಡಿದೋ ಆ ಸಂದು ಸಡಿಲಾದಾಗ ಮನೆಯವರ ಮುಂದೆ ಮೂರು ದಾರಿ: ತೊಲೆ ಇಳಿಸಿ ಹೊಸದನ್ನು ಏರಿಸುವುದು, ಎಲ್ಲ ಕೆಡವಿ ಕಾಂಕ್ರೀಟ್ ಸ್ಲ್ಯಾಬ್ ಹಾಕುವುದು, ಇಲ್ಲವೇ ಲೋಹದ ಬ್ರಾಕೆಟ್ ಕೂರಿಸಿ ಹಳೆಯ ಮರವನ್ನೇ ಉಳಿಸಿಕೊಳ್ಳುವುದು.

ಮೊದಲು ಏಳುವುದು ಖರ್ಚಿನ ಪ್ರಶ್ನೆ. ಅದರ ಹಿಂದೆಯೇ ಇನ್ನೊಂದು ನಿಂತಿರುತ್ತದೆ. ಅಜ್ಜ ಕಟ್ಟಿಸಿದ ಮನೆಗೆ ಅಂಗಡಿಯ ಉಕ್ಕು ಸೇರಿದ ಮೇಲೂ ಅದು ಅಜ್ಜನ ಮನೆಯೇ?

ನಮ್ಮ ದಾರ್ಶನಿಕರು ಇದನ್ನು ಬಟ್ಟೆ, ರಥಗಳನ್ನು ಮುಂದಿಟ್ಟುಕೊಂಡು ಚರ್ಚಿಸಿದ್ದಾರೆ. ನ್ಯಾಯ-ವೈಶೇಷಿಕರಿಗೆ ಅವಯವಗಳಿಂದ ಹುಟ್ಟುವ ಅವಯವಿ ಬೇರೆಯೇ ಒಂದು ವಸ್ತು. ಬಟ್ಟೆಯಿಂದ ಕೆಲವು ಎಳೆ ಕಿತ್ತರೂ ಹಳೆಯ ಬಟ್ಟೆ ನಾಶವಾಗಿ ಹೊಸದೊಂದು ಖಂಡಪಟ ಹುಟ್ಟಿತು ಎನ್ನುವಷ್ಟು ಅವರು ಕಟ್ಟುನಿಟ್ಟು. ಮಿಲಿಂದ ದೊರೆಗೆ ಉತ್ತರ ಕೊಟ್ಟ ಬೌದ್ಧ ಭಿಕ್ಷು ನಾಗಸೇನ ಎದುರು ದಂಡೆಯವನು. ಗಾಲಿ, ಅಚ್ಚು, ನೊಗ ಯಾವುದೂ ರಥವಲ್ಲ, ಅವನ್ನು ಬಿಟ್ಟು ರಥವೂ ಇಲ್ಲ, ರಥವೆಂಬುದು ವ್ಯವಹಾರಕ್ಕೆ ಇಟ್ಟ ಹೆಸರು ಎಂದ. ಹಾಗಾದರೆ ಮೊದಲಿನವರ ಲೆಕ್ಕದಲ್ಲಿ ಒಂದು ಅವಯವ ಹೆಚ್ಚು ಕಡಿಮೆಯಾದೊಡನೆ ಅಜ್ಜನ ಮನೆ ಹೋಯಿತು. ನಾಗಸೇನನ ಲೆಕ್ಕದಲ್ಲಿ ಹೆಸರಿನಾಚೆ ಅದು ಎಂದೂ ಇರಲೇ ಇಲ್ಲ. ಆ ಪಡಸಾಲೆಯಲ್ಲಿ ಹುಟ್ಟಿ ಬೆಳೆದವರಿಗೆ ಈ ಎರಡೂ ಸಾಲವು.

ಗುಡಿಗಳ ಜೀರ್ಣೋದ್ಧಾರ ವಿಧಿ ಇದಕ್ಕಿಂತ ಹತ್ತಿರ ಬರುತ್ತದೆ. ಕೆಲಸ ಶುರುವಾಗುವ ಮೊದಲು ಕಲಾಕರ್ಷಣ ಮಾಡಿ ಮೂರ್ತಿಯ ಸಾನ್ನಿಧ್ಯವನ್ನು ಕಲಶಕ್ಕೆ ಇಳಿಸುತ್ತಾರೆ, ತಾತ್ಕಾಲಿಕ ಗುಡಿಯಾದ ಬಾಲಾಲಯದಲ್ಲಿ ಪೂಜೆ ಮುಂದುವರಿಯುತ್ತದೆ, ಕಟ್ಟಡ ಮುಗಿದ ಮೇಲೆ ಕುಂಭಾಭಿಷೇಕ. ಕಲ್ಲು ಬದಲಾದೀತು, ಪೂಜೆ ಕಡಿಯಬಾರದು. ಗುಡಿಯನ್ನು ಅದೇ ಗುಡಿಯಾಗಿ ಉಳಿಸುವುದು ಅಲ್ಲಿ ನಿಲ್ಲದೆ ನಡೆಯುವ ಕೆಲಸ.

ಕಲಬುರಗಿಗೆ ಈ ಅಳತೆ ಪರಿಚಿತವೇ. 12ನೇ ಶತಮಾನದ ಶರಣರು ಮನುಷ್ಯನ ಬೆಲೆಯನ್ನು ಕಾಯಕದಿಂದ ಕಂಡರು. ಅರಳಗುಂಡಗಿಯ ಶರಣಬಸವೇಶ್ವರರು ಅದೇ ದಾರಿಯಲ್ಲಿ ನಡೆದು ದಾಸೋಹಕ್ಕೆ ಹೆಸರಾದರು. ಕಾಯಕದ ಈ ಅಳತೆಯನ್ನು ಮರಕ್ಕೂ ಹಚ್ಚಬಾರದೇಕೆ? ಭಾರ ಹೊರುವುದು ತೊಲೆಯ ಕಾಯಕ. ಸ್ಲ್ಯಾಬ್ ಹಾಕಿ, ಕೆತ್ತನೆ ಚೆಂದವೆಂದು ಹಳೆಯ ತೊಲೆಯನ್ನು ಅದರ ಕೆಳಗೆ ಅಂಟಿಸಿದರೆ ಉಳಿಯುವುದು ತೊಲೆಯ ಚಿತ್ರ ಮಾತ್ರ. ಬ್ರಾಕೆಟ್ ಹಿಡಿದ ತೊಲೆ ಇನ್ನೂ ದುಡಿಯುತ್ತಿರುತ್ತದೆ. ಅಜ್ಜ ಏರಿಸಿದ ಮರ ಮೊಮ್ಮಗನ ತಲೆಯ ಮೇಲಿನ ಮಾಳಿಗೆಯನ್ನು ಈಗಲೂ ಹೊತ್ತಿದೆ ಎಂದರೆ, ಆ ಮನೆ ಅಜ್ಜನದೇ.

ಇದು ಬರೀ ಭಾವನೆಯ ಮಾತಲ್ಲ, ಕೆಳಗೆ ಮಲಗುವವರ ಜೀವದ ಮಾತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಗಡಿಯಾಚೆ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪಕ್ಕೆ ನಡುಗಿದಾಗ ಉರುಳಿದ್ದು ಇಂಥವೇ ಮನೆಗಳು. ಕಲ್ಲು-ಮಣ್ಣಿನ ದಪ್ಪ ಗೋಡೆಗಳ ಒಳಪದರ, ಹೊರಪದರ ಬೇರೆಯಾಗಿ ಬಿಚ್ಚಿಕೊಂಡವು, ಸಾವಿರಾರು ಜನ ಸತ್ತರು. ಎಷ್ಟೋ ಕಡೆ ಗೋಡೆ ಬಿದ್ದರೂ ಮರದ ಚೌಕಟ್ಟು ನಿಂತಿತ್ತು. ಬಳಿಕ ಎಂಜಿನಿಯರುಗಳು ಸೂಚಿಸಿದ ಬಲವರ್ಧನೆಯಲ್ಲಿ ಕಂಬ-ತೊಲೆ ಕೂಡುವ ಮೂಲೆಗೆ ಓರೆ ಆಸರೆ ಕೊಡುವುದು, ಗೋಡೆಯ ಪದರಗಳನ್ನು ಉದ್ದಗಲ್ಲಿನಿಂದ ಹೆಣೆಯುವುದು, ಮಾಳಿಗೆಯ ಮಣ್ಣನ್ನು ಕಡಿಮೆ ಮಾಡುವುದು ಸೇರಿದ್ದವು. ಮಣ್ಣು ಇಳಿಸದೆ ಬ್ರಾಕೆಟ್ ಒಂದನ್ನೇ ನಂಬುವುದು ಹಳೆಯ ಮರಕ್ಕೂ ಅನ್ಯಾಯ.

ಇಂಗ್ಲೆಂಡಿನ ಜಾನ್ ರಸ್ಕಿನ್ 1849ರಲ್ಲೇ ಹಳೆಯ ಕಟ್ಟಡ ಸಡಿಲಾದಲ್ಲಿ ಕಬ್ಬಿಣದಿಂದ ಬಿಗಿಯಲು ಹಿಂಜರಿಯಬಾರದು, ನೋಟಕ್ಕೆ ಚೆಂದವಿಲ್ಲದಿದ್ದರೂ ಚಿಂತೆಯಿಲ್ಲ ಎಂದು ವಾದಿಸಿದ್ದ. ಹಳೆಯದನ್ನು ಹೊಚ್ಚಹೊಸದಾಗಿ ನಕಲು ಮಾಡುವುದು ಅವನಿಗೆ ಸುಳ್ಳಿನ ಕೆಲಸ. ಒಪ್ಪುವ ಮಾತೇ, ಆದರೆ ಎಂಥ ಕಬ್ಬಿಣ ಎಂಬುದೂ ಕೇಳಲೇಬೇಕಾದದ್ದು. ಅಥೆನ್ಸಿನ ಪಾರ್ಥೆನಾನ್ ಕಟ್ಟಿದವರು ಕಬ್ಬಿಣದ ಕೊಂಡಿಗಳಿಗೆ ಸೀಸ ಹೊಯ್ದು ಮುಚ್ಚಿದ್ದರು. 20ನೇ ಶತಮಾನದ ಆರಂಭದಲ್ಲಿ ದುರಸ್ತಿಗೆ ನಿಂತ ನಿಕೋಲಾಸ್ ಬಲಾನೋಸ್ ಆ ರಕ್ಷೆಯಿಲ್ಲದೆ ಕಬ್ಬಿಣ ಹಾಕಿದ. ಅದು ತುಕ್ಕು ಹಿಡಿದು ಉಬ್ಬಿ ಅಮೃತಶಿಲೆಯನ್ನೇ ಸೀಳಿತು, ಕೊನೆಗೆ ಅದನ್ನು ಕಿತ್ತು ಟೈಟಾನಿಯಂ ಹಾಕಬೇಕಾಯಿತು.

ಬ್ರಹ್ಮಪುರದ ಮನೆಗೆ ಟೈಟಾನಿಯಂ ಬೇಕಿಲ್ಲ. ಒಣಗಿದ ಒಳಕೋಣೆಗೆ ಸತುವಿನ ಲೇಪದ ಉಕ್ಕು ನಡೆಯುತ್ತದೆ. ನೀರು ಸೋಕುವಲ್ಲಿ, ಗೋಡೆಯೊಳಗೆ ಹುದುಗುವಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಬೇಕು. ಬ್ರಾಕೆಟ್, ಬೋಲ್ಟ್, ವಾಷರ್ ಮೂರೂ ಒಂದೇ ಲೋಹದ್ದಿರಲಿ. ತೇವದಲ್ಲಿ ಭಿನ್ನ ಲೋಹಗಳು ತಾಕಿಕೊಂಡರೆ ಒಂದು ಬೇಗ ಸವೆಯುತ್ತದೆ. ಮಣ್ಣುಗಾರೆಯ ಗೋಡೆಯಲ್ಲಿ ಎಕ್ಸ್‌ಪ್ಯಾನ್ಶನ್ ಬೋಲ್ಟ್ ಹಿಡಿಯುವುದಿಲ್ಲ, ಅದು ಹಿಗ್ಗಿದಷ್ಟೂ ಮಣ್ಣು ಸರಿಯುತ್ತದೆ. ಬೋಲ್ಟನ್ನು ಗೋಡೆಯ ಆರುಪಾರು ಹಾಯಿಸಿ ಹೊರಮೈಗೆ ಅಗಲವಾದ ಪಟ್ಟಿ ಕೊಡಬೇಕು. ತೊಲೆಗೆ ಟೇಕಾ ಕೊಟ್ಟು ಭಾರ ಇಳಿಸದೆ ಒಂದು ಬೋಲ್ಟನ್ನೂ ಬಿಗಿಯಬಾರದು. ಕೂರಿಸಿದ ಬ್ರಾಕೆಟ್ಟನ್ನು ಗಿಲಾವಿನಲ್ಲಿ ಮುಚ್ಚುವುದೂ ತಪ್ಪು: ಕಣ್ಣಿಗೆ ಬೀಳದ ತುಕ್ಕನ್ನು ಯಾರೂ ಕೆರೆಯುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಬೋಲ್ಟಿಗಾಗಿ ಮರದಲ್ಲಿ ಕೊರೆಯುವ ತೂತಿನ ಬಗ್ಗೆ. ಇದೇ ಜಿಲ್ಲೆಯ ಸನ್ನತಿಯಲ್ಲಿ 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿದು ಮೂರ್ತಿ ಒಡೆಯಿತು. ಅದಕ್ಕೆ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನ ಬೆಳಕಿಗೆ ಬಂತು. ಮೂರ್ತಿಯನ್ನು ನಿಲ್ಲಿಸಲು ಎಂದೋ ಯಾರೋ ನಡುವೆ ಕೊರೆದಿದ್ದ ತೂತಿನಲ್ಲಿ ಅಕ್ಷರಗಳು ಹೋಗಿದ್ದವು. ಕೊರೆದವರಿಗೆ ದುರುದ್ದೇಶವಿದ್ದಿರಲಾರದು, ಕಲ್ಲಿಗೆ ಕೆಲಸ ಕೊಟ್ಟವರೂ ಅವರೇ. ಹೋದ ಅಕ್ಷರ ಮಾತ್ರ ಮರಳುವುದಿಲ್ಲ.

ಆದ್ದರಿಂದ ತೊಲೆಯ ಕೆತ್ತನೆಯ ಮುಖಕ್ಕೆ, ಅಂಚಿನ ಸಮೀಪಕ್ಕೆ ಡ್ರಿಲ್ ತಾಗಬಾರದು. ಹಳೆಯ ಮೊಳೆಯ ತೂತು ಗಟ್ಟಿಯಿದ್ದರೆ ಅದನ್ನೇ ಬಳಸಬಹುದು. ಸಾಧ್ಯವಿದ್ದಲ್ಲೆಲ್ಲ ತೊಲೆಯನ್ನು ಎರಡೂ ಬದಿಯಿಂದ ಅಪ್ಪಿ ಹಿಡಿಯುವ ಪಟ್ಟಿ ಮಾಡಿಸಿ, ಬೋಲ್ಟುಗಳನ್ನು ಮರದ ಹೊರಗೇ ಬಿಗಿಯುವುದು ಉತ್ತಮ. ಮುಂದೆ ಇದಕ್ಕಿಂತ ಒಳ್ಳೆಯ ಉಪಾಯ ಬಂದರೆ ಪಟ್ಟಿಯನ್ನು ಬಿಚ್ಚಿ ತೆಗೆಯಬಹುದು. ಇಂಥ ಪಟ್ಟಿಯನ್ನು ವೆಲ್ಡಿಂಗ್ ಅಂಗಡಿಯಲ್ಲಿ ತೊಲೆಯ ಅಳತೆ ಕೊಟ್ಟೇ ಮಾಡಿಸಬೇಕು. ರೆಡಿಮೇಡ್ ಬ್ರಾಕೆಟ್ಟಿಗೆ ಹೊಂದಲೆಂದು ಬಡಿಗ ತೊಲೆಯ ಮೇಲೆ ಉಳಿ ಇಟ್ಟರೆ ಮನೆಯವರು ಅಲ್ಲೇ ತಡೆಯಬೇಕು.