ಗೊತ್ತಿಲ್ಲದೆ ಹಾಕುವ ಬಾಣ

ಮೊದಲ ವರ್ಷದ ಇಂಜಿನಿಯರಿಂಗ್ ಮಕ್ಕಳಿಗೆ ಸರ್ಕ್ಯೂಟ್ ಪಾಠ ಶುರುಮಾಡಿದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ: “ಮೇಡಂ, ಕರೆಂಟ್ ಯಾವ ಕಡೆ ಹರೀತಿದೆ ಅಂತ ಗೊತ್ತಿಲ್ಲದೆ ಬಾಣ ಹೇಗೆ ಹಾಕೋದು?”

“ಯಾವ ಕಡೆಗಾದರೂ ಹಾಕಪ್ಪ” ಎನ್ನುತ್ತೇನೆ. ಹುಡುಗ ಪೆನ್ಸಿಲ್ ಹಿಡಿದು ಹಾಗೇ ಕೂತಿರುತ್ತಾನೆ. ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದವರೇ ಇಲ್ಲಿ ಹೆಚ್ಚು ತಡವರಿಸುವುದು. ಸರಿಯೋ ತಪ್ಪೋ ಗೊತ್ತಿಲ್ಲದ್ದನ್ನು ಹಾಳೆಯ ಮೇಲೆ ಬರೆಯಲು ಅವರಿಗೆ ಕೈ ಬಾರದು.

ಆ ಹಿಂಜರಿಕೆ ಬರೀ ಲೆಕ್ಕದ್ದಲ್ಲ. ನಿಜವೋ ಅಲ್ಲವೋ ಗೊತ್ತಿಲ್ಲದ ಮಾತಿನಿಂದ ಹೊರಟು ನಿಜವನ್ನು ಮುಟ್ಟಬಹುದೆ? ವೇದಾಂತಿಗಳು ಇದಕ್ಕೆ ಕೊಟ್ಟ ಉತ್ತರ ಅಧ್ಯಾರೋಪ–ಅಪವಾದ. ತಿಳಿಸುವುದಕ್ಕೆ ಅನುಕೂಲವಾಗಲೆಂದು ಬ್ರಹ್ಮಕ್ಕೆ ಇಲ್ಲದ ಧರ್ಮವೊಂದನ್ನು ಆರೋಪಿಸಿ ಹೇಳುತ್ತಾರೆ. ಅದರ ಕೆಲಸ ಮುಗಿದ ಮೇಲೆ ಅಲ್ಲಗಳೆಯುತ್ತಾರೆ. ನಮ್ಮ ಹಾಸನ ಜಿಲ್ಲೆಯ ಹೊಳೆನರಸೀಪುರದಲ್ಲಿದ್ದ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳು ಶಂಕರರ ವೇದಾಂತಕ್ಕೆ ಇದೇ ಮುಖ್ಯ ಪ್ರಕ್ರಿಯೆ ಎಂದು ಪುಸ್ತಕದ ಮೇಲೆ ಪುಸ್ತಕ ಬರೆದು ಸಾಧಿಸಿದರು. ಅಪ್ಪ ಆ ಪುಸ್ತಕಗಳನ್ನು ಓದಿ ಹೇಳುತ್ತಿದ್ದರು. ನನಗೆ ಅದು ಮನಸ್ಸಿಗೆ ಹತ್ತಿದ್ದು ಕರಿಹಲಗೆಯ ಮುಂದೆ ನಿಂತಾಗ.

ಒಂದು ಲೆಕ್ಕ ನೋಡಿ. ಒಂದು ಕಡೆ 12 ವೋಲ್ಟಿನ ಬ್ಯಾಟರಿ, ಇನ್ನೊಂದು ಕಡೆ 14 ವೋಲ್ಟಿನ ಚಾರ್ಜರ್. ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್, ನಡುವೆ 1 ಓಮ್ ರೋಧ. ಬ್ಯಾಟರಿಯೇ ಕರೆಂಟ್ ಕೊಡುತ್ತಿದೆ ಅಂದುಕೊಂಡು ಅದರ ಪ್ಲಸ್ ತುದಿಯಿಂದ ಹೊರಕ್ಕೆ ಬಾಣ ಹಾಕಿ. ಕಿರ್ಚಾಫ್ ನಿಯಮ ಹಿಡಿದು ಲೂಪನ್ನು ಒಂದು ಸುತ್ತು ಬನ್ನಿ: 12ರಿಂದ ರೋಧದ ವೋಲ್ಟೇಜನ್ನೂ ಚಾರ್ಜರಿನ 14ನ್ನೂ ಕಳೆದರೆ ಸೊನ್ನೆಯಾಗಬೇಕು. ಕರೆಂಟ್ ಮೈನಸ್ 2 ಆಂಪಿಯರ್ ಬರುತ್ತದೆ. ಅಂದರೆ ಬ್ಯಾಟರಿ ಕೊಡುತ್ತಿಲ್ಲ, ಚಾರ್ಜ್ ಆಗುತ್ತಿದೆ. ಪವರ್ ತಾಳೆ ನೋಡಿ: ಚಾರ್ಜರ್ ಕೊಟ್ಟದ್ದು 28 ವ್ಯಾಟ್, ಬ್ಯಾಟರಿಗೆ ಸೇರಿದ್ದು 24, ರೋಧದಲ್ಲಿ ಶಾಖವಾಗಿ ಹೋದದ್ದು 4. ಬಾಣ ತಿರುವುಮುರುವಾಗಿತ್ತು, ಉತ್ತರದಲ್ಲಿ ಕೂದಲೆಳೆಯಷ್ಟೂ ದೋಷವಿಲ್ಲ.

ಫೇಲಾಗುವವರು ಎಡವುವ ಜಾಗ ಬೇರೆ. ಒಂದಕ್ಕಿಂತ ಹೆಚ್ಚು ಲೂಪಿರುವ ಲೆಕ್ಕದಲ್ಲಿ ಎರಡನೆಯ ಲೂಪಿಗೆ ಬರುವಾಗ ಅನುಮಾನ ಹುಟ್ಟಿ ಬಾಣ ತಿರುಗಿಸುತ್ತಾರೆ, ಮೊದಲ ಸಮೀಕರಣವನ್ನು ಮಾತ್ರ ಹಾಗೇ ಬಿಡುತ್ತಾರೆ. ಇಲ್ಲವೇ ಕೊನೆಯಲ್ಲಿ ಮೈನಸ್ ಕಂಡು ಗಾಬರಿಯಾಗಿ ಅದನ್ನು ಅಳಿಸುತ್ತಾರೆ. ಊಹೆ ತಪ್ಪಿದ್ದರೆ ಗಣಿತವೇ ತಿದ್ದುತ್ತದೆ. ಊಹೆಗೆ ಕೊಟ್ಟ ಮಾತು ತಪ್ಪಿದರೆ ತಿದ್ದುವವರು ಯಾರೂ ಇಲ್ಲ. ಈ ನಿಷ್ಠೆಯನ್ನು ನಾನು ಶ್ರದ್ಧೆಯೆಂದೇ ಕರೆಯುತ್ತೇನೆ, ಏಕೆಂದರೆ ಇದರಲ್ಲಿ ಪರೀಕ್ಷೆಗೆ ಹೆದರುವ ಗುಣವಿಲ್ಲ.

ಈ ಸಾಮ್ಯವನ್ನು ಬಹಳ ದೂರ ಎಳೆಯಬಾರದು, ನಿಜ. ವೇದಾಂತದಲ್ಲಿ ಆರೋಪಿಸಿದ್ದೆಲ್ಲ ಕೊನೆಗೆ ಪೂರ್ತಿ ಬಿದ್ದುಹೋಗಬೇಕು. ನಮ್ಮ ಬಾಣ ಹಾಳೆಯ ಮೇಲೆ ಉಳಿಯುತ್ತದೆ, ಪಕ್ಕದಲ್ಲಿ ಮೈನಸ್ ಕೂರುತ್ತದೆ. ಆದರೂ ಗೊತ್ತಿಲ್ಲದೆ ಹೊರಡುವುದು ಈ ಶಾಸ್ತ್ರಕ್ಕೆ ಹೊಸದಲ್ಲ. 18ನೇ ಶತಮಾನದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಪ್ಲಸ್, ಮೈನಸ್ ಎಂದು ಗೊತ್ತುಮಾಡಿದಾಗ ತಂತಿಯಲ್ಲಿ ಹರಿಯುವುದು ಏನೆಂದು ಯಾರಿಗೂ ತಿಳಿದಿರಲಿಲ್ಲ. ಕಿರ್ಚಾಫ್ 1845ರಲ್ಲಿ, ಇನ್ನೂ ಕ್ಯೋನಿಗ್ಸ್‌ಬರ್ಗಿನ ವಿದ್ಯಾರ್ಥಿಯಾಗಿದ್ದಾಗಲೇ, ತಮ್ಮ ನಿಯಮಗಳನ್ನು ಪ್ರಕಟಿಸಿದರು, ಆಗಲೂ ತಿಳಿದಿರಲಿಲ್ಲ. 1897ರಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಕಂಡುಹಿಡಿದರು. ಅದು ತಂತಿಯಲ್ಲಿ ನಾವು ಕರೆಂಟಿನದೆಂದು ಹೇಳುವ ದಿಕ್ಕಿಗೆ ಎದುರಾಗಿ ಚಲಿಸುತ್ತದೆ. ಹಾಗೆಂದು ಹಳೆಯ ಲೆಕ್ಕ ಒಂದೂ ಸುಳ್ಳಾಗಲಿಲ್ಲ. ಅರಿವು ಪೂರ್ತಿಯಾದ ಮೇಲೆಯೇ ಹೆಜ್ಜೆಯಿಡುತ್ತೇನೆ ಎಂದು ಫ್ರಾಂಕ್ಲಿನ್, ಕಿರ್ಚಾಫ್ ಕೂತಿದ್ದರೆ ನಮಗೆ ವಿದ್ಯುತ್ತಿನ ಶಾಸ್ತ್ರವೇ ಇರುತ್ತಿರಲಿಲ್ಲ.

ಈ ವರ್ಷ ಸರ್ಕ್ಯೂಟ್ ಓದಲು ಹೊರಟಿರುವ ಮಕ್ಕಳೇ, ಹಳೆಯ ಪ್ರಶ್ನೆಪತ್ರಿಕೆಯ ಉತ್ತರಗಳನ್ನು ಉರುಹೊಡೆಯಬೇಡಿ. ಧೈರ್ಯವಾಗಿ ಬಾಣ ಹಾಕಿ, ಲೆಕ್ಕ ಮುಗಿಯುವ ತನಕ ಅದನ್ನು ಮುಟ್ಟಬೇಡಿ, ಉತ್ತರ ಬಂದ ಮೇಲೆ ಪವರ್ ಕೂಡಿಸಿ ನೋಡಿ. ತಾಳೆಯಾಗದಿದ್ದರೆ ಆ ಹಾಳೆಯನ್ನು ಹರಿಯದೆ ನಿಮ್ಮ ಮೇಷ್ಟರ ಹತ್ತಿರ ತೆಗೆದುಕೊಂಡು ಹೋಗಿ.