ದಿನಕ್ಕೆ ಎರಡಾಣೆ

ಮಲ್ಪೆಯಿಂದ ಆದಿ ಉಡುಪಿಯ ಮೂಲಕ ಪೇಟೆಗೆ ಬರುವ ರಸ್ತೆಯ ಬದಿಯಲ್ಲಿ, ಸಂಜೆ ಹೊತ್ತು, ಹೆಗಲಿಗೆ ಚೀಲ ಹಾಕಿಕೊಂಡು ಅಂಗಡಿಯಿಂದ ಅಂಗಡಿಗೆ ಹೋಗುವವರನ್ನು ನಾವೆಲ್ಲ ನೋಡಿದ್ದೇವೆ. ಗೂಡಂಗಡಿಯವರು, ಹಣ್ಣಿನ ವ್ಯಾಪಾರಿ, ಟೈಲರ್ ತಮ್ಮ ತಮ್ಮ ಗಲ್ಲಾದಿಂದ ನೋಟು ತೆಗೆದು ಕೊಡುತ್ತಾರೆ, ರಶೀದಿ ತೆಗೆದುಕೊಳ್ಳುತ್ತಾರೆ. ಅಷ್ಟರಲ್ಲಿ ಬಂದವರು ಪಕ್ಕದಂಗಡಿಯ ಮೆಟ್ಟಿಲು ಹತ್ತಿರುತ್ತಾರೆ. ‘ಪಿಗ್ಮಿಯವರು’ ಎಂದರೆ ಇಲ್ಲಿ ಎಲ್ಲರಿಗೂ ಗೊತ್ತು.

ಈ ಪದ್ಧತಿ ಹುಟ್ಟಿದ್ದು ನಮ್ಮ ಊರಲ್ಲೇ. ಕೈಮಗ್ಗದವರು ಸಂಕಷ್ಟದಲ್ಲಿದ್ದ ಕಾಲದಲ್ಲಿ, 1925ರಲ್ಲಿ, ವೈದ್ಯರಾದ ಟಿ.ಎಂ.ಎ. ಪೈ, ಅವರ ಅಣ್ಣ ಉಪೇಂದ್ರ ಅನಂತ ಪೈ ಮತ್ತು ಇಂಜಿನಿಯರ್ ವಾಮನ ಕುಡ್ವ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಉಡುಪಿಯಲ್ಲಿ ಒಂದು ಬ್ಯಾಂಕು ಕಟ್ಟಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು ಅದೇ. 1928ರಲ್ಲಿ ಅದು ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆ ಇದ್ದರೆ ಸಾಕು, ಬ್ಯಾಂಕಿನ ಪರವಾಗಿ ಒಬ್ಬರು ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಎಂಟು ದಿನಕ್ಕೆ ಒಂದು ರೂಪಾಯಿ. ತಪ್ಪದೆ ಕಟ್ಟಿದರೆ ವರ್ಷಕ್ಕೆ ನಲವತ್ತೈದು ರೂಪಾಯಿ ಹತ್ತಾಣೆ.

‘ಹನಿ ಹನಿ ಕೂಡಿದರೆ ಹಳ್ಳ’ ಎಂದು ಇದರ ನೀತಿಯನ್ನು ಮುಗಿಸಿಬಿಡಬಹುದು. ಆದರೆ ಹನಿಗೂಡಿಸಬೇಕೆಂದು ನಮ್ಮ ಹಿರಿಯರಿಗೆ ಗೊತ್ತಿರಲಿಲ್ಲವೇ? ಎರಡಾಣೆಯನ್ನು ಮನೆಯ ಡಬ್ಬಿಯಲ್ಲೂ ಹಾಕಿಡಬಹುದಿತ್ತು. ಹಾಕಿದವರು ಮರುದಿನ ಅಕ್ಕಿಗೋ ಎಣ್ಣೆಗೋ ತೆಗೆದೂ ಬಿಡುತ್ತಿದ್ದರು. ಪಿಗ್ಮಿಯಲ್ಲಿ ಹೊಸತಾಗಿ ಬಂದದ್ದು ಎರಡಾಣೆಯಲ್ಲ, ಅದನ್ನು ದಿನವೂ ಬಂದು ಕೇಳುವ ಮನುಷ್ಯ.

ನಮ್ಮ ಗುರಿಗಳು ಸೋಲುವುದು ಹೆಚ್ಚಾಗಿ ಹೀಗೆ ಕೇಳುವವರಿಲ್ಲದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದಬೇಕು, ಚೆಂಡೆ ಕಲಿಯಬೇಕು, ಸಾಲ ತೀರಿಸಬೇಕು ಎಂಬ ನಿರ್ಧಾರಗಳಿಗೆ ಕೊರತೆಯಿಲ್ಲ. ದಿನದ ಕೆಲಸವೆಲ್ಲ ಮುಗಿದ ಮೇಲೆ ಉಳಿದ ಹೊತ್ತನ್ನು ಅವುಗಳಿಗೆ ಕೊಡುತ್ತೇವೆ, ಉಳಿಯುವುದು ಮಾತ್ರ ಏನೂ ಇಲ್ಲ. ‘ಇವತ್ತು ಬೇಡ, ನಾಳೆ ಒಟ್ಟಿಗೆ ಮಾಡುವ’ ಎಂದು ನಮಗೆ ನಾವೇ ಹೇಳಿಕೊಳ್ಳುವುದು ಸುಲಭ. ಎದುರಿಗೆ ನಿಂತವರಿಗೆ ಅದೇ ಮಾತನ್ನು ದಿನವೂ ಹೇಳುವುದು ಕಷ್ಟ. ಯಕ್ಷಗಾನ ಕಲಿಯುವವನಿಗೆ ತಾಳ ಹಿಡಿದು ಕುಳಿತ ಗುರುವಿನ ಮುಂದೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಹೆಜ್ಜೆ ಗಟ್ಟಿಯಾಗುವುದು ಹಾಗೆ.

ಪಿಗ್ಮಿ ಗೆದ್ದದ್ದಕ್ಕೆ ಇನ್ನೊಂದು ಕಾರಣವಿದೆ. ಮೀನು ಮಾರುವವರಿಗೆ, ಕೂಲಿಯವರಿಗೆ, ಸಣ್ಣ ಅಂಗಡಿಯವರಿಗೆ ದುಡ್ಡು ಬರುವುದು ದಿನದ ಲೆಕ್ಕದಲ್ಲಿ. ತಿಂಗಳಿಗೊಮ್ಮೆ ಕಟ್ಟಿ ಎಂದಿದ್ದರೆ ಅವರ ಕೈಯಲ್ಲಿ ಆಗುತ್ತಿರಲಿಲ್ಲ. ಉಳಿತಾಯವೇ ಅವರ ಬದುಕಿನ ಲಯಕ್ಕೆ ಹೊಂದಿಕೊಂಡಿತು. ಗುರಿಗಳ ವಿಷಯವೂ ಹಾಗೆಯೇ. ಬೆಳಿಗ್ಗೆ ಐದಕ್ಕೆ ಬಸ್ಸು ಹಿಡಿಯುವವರು ನಾಲ್ಕಕ್ಕೆದ್ದು ಓದುತ್ತೇನೆಂದು ಹಟ ಹಿಡಿದರೆ ಹೆಚ್ಚೆಂದರೆ ಒಂದು ವಾರ ನಡೆದೀತು. ಅದೇ ಬಸ್ಸಿನಲ್ಲಿ ನಾಲ್ಕು ಪುಟ ಓದುವುದು ವರ್ಷವಿಡೀ ನಡೆಯುತ್ತದೆ.

ಒಂದು ದಿನ ತಪ್ಪಿತೆಂದು ಪಿಗ್ಮಿ ಖಾತೆ ಮುಚ್ಚುವುದಿಲ್ಲ. ಮರುದಿನ ಪಿಗ್ಮಿಯವರು ಮತ್ತೆ ಬರುತ್ತಾರೆ, ಕೊಡುವವರು ಮತ್ತೆ ಕೊಡುತ್ತಾರೆ. ನಾವಾದರೋ ಒಂದು ದಿನದ ಸೋಮಾರಿತನವನ್ನೇ ನೆಪ ಮಾಡಿಕೊಂಡು ಇಡೀ ಗುರಿಯನ್ನು ಕೈಬಿಡುತ್ತೇವೆ.

ಮನೆಯ ಗೋಡೆಗೆ ಗುರಿ ಬರೆದು ಅಂಟಿಸುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳೋಣ. ದಿನಕ್ಕೆ ಎಷ್ಟು ಕೊಟ್ಟರೆ ನನ್ನ ಸಂಸಾರಕ್ಕೆ ಭಾರವಾಗದು? ಅದನ್ನು ಪ್ರತಿ ಸಂಜೆ ಕೇಳುವವರು ಯಾರು? ಅಕ್ಕನೋ, ಗೆಳೆಯನೋ, ಮೇಷ್ಟ್ರೋ ಯಾರಾದರೂ ಆಗಬಹುದು. ಕೇಳುವವರು ಸಿಕ್ಕಿದರೆ ನಮ್ಮ ಛಲಕ್ಕೆ ಅರ್ಧ ಕೆಲಸ ಕಡಿಮೆ.